ಕುಲವು ಆಸ್ತಿಯೋ, ಋಣವೋ?

ಹುಬ್ಬಳ್ಳಿಯ ಬಟ್ಟೆ ವ್ಯಾಪಾರಿಗಳಿಗೆ ಮುಂಡಗೋಡದ ಟಿಬೆಟಿಯನ್ನರು ಅಪರಿಚಿತರಲ್ಲ. ತಮ್ಮ ನಾಡನ್ನು ತೊರೆದು ಭಾರತಕ್ಕೆ ಬಂದ ಆ ಜನರ ವಸತಿಯೊಂದು 1966ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಆ ತಾಲೂಕಿನಲ್ಲಿ ಪ್ರಾರಂಭವಾಯಿತು. ಗಾಂದೆನ್ ಮತ್ತು ದ್ರೆಪುಂಗ್ ಎಂಬ ಅವರ ಪ್ರಾಚೀನ ವಿದ್ಯಾಮಠಗಳು ಅಲ್ಲಿ ಪುನಃ ಸ್ಥಾಪನೆಗೊಂಡವು. ಮಳೆಗಾಲದಲ್ಲಿ ಗೋವಿನಜೋಳ ಬೆಳೆದು, ಚಳಿಗಾಲದಲ್ಲಿ ಊರೂರು ತಿರುಗಿ ಸ್ವೆಟರ್ ಮಾರಿ ಜೀವನ ಸಾಗಿಸುವ ಈ ಜನರಲ್ಲಿ ಒಬ್ಬ ಹಿರಿಯರು ಅನೇಕ ವರ್ಷ ನಮ್ಮ ಅಂಗಡಿಗೆ ಬಂದು ಹೋಗುತ್ತಿದ್ದರು.

ನಮ್ಮ ಗಾದಿಯ ಹಿಂದಿನ ಗೋಡೆಯ ಮೇಲೆ, ತೀರ್ಥಂಕರರ ಭಾವಚಿತ್ರದ ಕೆಳಗೆ, ನಮ್ಮ ವಂಶವೃಕ್ಷವನ್ನು ಕಟ್ಟು ಹಾಕಿಸಿ ತೂಗುಹಾಕಲಾಗಿದೆ. ನನ್ನ ಹಿಂದಿನ ಏಳು ತಲೆಮಾರುಗಳ ಹೆಸರು ಅದರಲ್ಲಿವೆ. ಒಂದು ದಿನ ಆ ಹಿರಿಯರು ಅದೇನೆಂದು ಕೇಳಿದರು. ನಾನು ಅಭಿಮಾನದಿಂದಲೇ ವಿವರಿಸಿದೆ. ಅವರು ಕನ್ನಡಕ ಸರಿಪಡಿಸಿಕೊಂಡು ಹೆಸರುಗಳನ್ನು ಒಂದೊಂದಾಗಿ ಓದಿಸಿ ಕೇಳಿ, ಕೊನೆಗೆ ನಗುತ್ತ ಹೇಳಿದರು: "ಸಾವುಕಾರರೇ, ನಿಮ್ಮ ಗಿಡದಲ್ಲಿ ಬರೀ ಎಲುಬೇ ಇದೆಯಲ್ಲ!"

ಅವರ ಮಾತು ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಟಿಬೆಟಿಯನ್ನರ ಪರಂಪರೆಯಲ್ಲಿ ತಂದೆಯಿಂದ ಮಗುವಿಗೆ ಬರುವುದು ಎಲುಬು. ತಾಯಿಯಿಂದ ಬರುವುದು ಮಾಂಸ. ಅವರ ಭಾಷೆಯ ಬರಹದಲ್ಲಿ 'ರುಸ್' ಎಂದರೆ ಎಲುಬೂ ಹೌದು, ತಂದೆಯ ಕಡೆಯ ವಂಶವೂ ಹೌದು. ಒಂದೇ ಎಲುಬಿನವರು ಪರಸ್ಪರ ವಿವಾಹವಾಗಕೂಡದೆಂಬುದು ಅವರ ಹಳೆಯ ಕಟ್ಟಳೆ. ನಮ್ಮ ವೃಕ್ಷದಲ್ಲಿ ಹೆಂಗಸರ ಹೆಸರೊಂದೂ ಇಲ್ಲದ್ದನ್ನು ಕಂಡು ಅವರು ಆ ಮಾತನ್ನಾಡಿದ್ದರು.

ಅವರು ಹೋದ ಮೇಲೆ ನನಗೆ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ನೆನಪಾಯಿತು. ಅಲ್ಲಿ ಹೇಳಿರುವ ಎಂಟು ಮದಗಳಲ್ಲಿ ಕುಲಮದ ಒಂದು, ಜಾತಿಮದ ಇನ್ನೊಂದು. ತಂದೆಯ ಪಕ್ಷವು ಕುಲ, ತಾಯಿಯ ಪಕ್ಷವು ಜಾತಿ ಎಂದು ಅವೆರಡಕ್ಕೆ ಅರ್ಥ ಹೇಳುವುದು ವಾಡಿಕೆ. ಹಿಮಾಲಯದ ಆಚೆಯ ಜನರು ಎಲುಬು, ಮಾಂಸ ಎಂದದ್ದನ್ನೇ ನಮ್ಮ ಹಿರಿಯರು ಕುಲ, ಜಾತಿ ಎಂದರು. ಆದರೆ ನಮ್ಮ ಆಚಾರ್ಯರು ಇವನ್ನು ಮದದ ಪಟ್ಟಿಯಲ್ಲಿ ಏಕೆ ಸೇರಿಸಿದರು? ಕುಲವು ನಿಜವಾಗಿಯೂ ಬೆಲೆಯುಳ್ಳ ವಸ್ತುವಾದರೆ ಅದರ ಅಭಿಮಾನದಲ್ಲಿ ತಪ್ಪೇನು? ಬೆಲೆಯಿಲ್ಲದ್ದಾದರೆ ಅದನ್ನು ಇಷ್ಟು ಜತನದಿಂದ ಕಾಪಾಡುವುದೇಕೆ? ಈ ಪ್ರಶ್ನೆಯನ್ನು ಟಿಬೆಟಿಯನ್ನರ ಎಲುಬಿನ ಕಥೆಯನ್ನು ಹಿಡಿದೇ ವಿಚಾರಿಸಬೇಕೆನ್ನಿಸಿತು. ಏಕೆಂದರೆ ಆ ಎಲುಬಿನ ಇತಿಹಾಸವನ್ನು ಇಂದು ವಿಜ್ಞಾನವು ಬಹುದೂರದವರೆಗೆ ಓದಿದೆ.

ವಿಜ್ಞಾನದ ಮಾತನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮನುಷ್ಯನ ಪ್ರತಿಯೊಂದು ಜೀವಕೋಶದಲ್ಲಿ 23 ಜೊತೆ ವರ್ಣತಂತುಗಳಿವೆ. ಅವುಗಳಲ್ಲಿ 'ವೈ' ಎಂಬ ವರ್ಣತಂತು ಪುರುಷರಲ್ಲಿ ಮಾತ್ರ ಇರುತ್ತದೆ; ತಂದೆಯಿಂದ ಮಗನಿಗೆ ಬರುತ್ತದೆ, ಮಗಳಿಗೆ ಬರುವುದಿಲ್ಲ. ಉಳಿದ ವರ್ಣತಂತುಗಳು ಪ್ರತಿ ತಲೆಮಾರಿನಲ್ಲಿಯೂ ತಮ್ಮ ಜೋಡಿಯೊಡನೆ ಬೆರೆತು ಹೊಸದಾಗುತ್ತವೆ. ವೈ ವರ್ಣತಂತುವಿನ ಬಹುಭಾಗಕ್ಕೆ ಬೆರೆಯಲು ಜೋಡಿಯಿಲ್ಲ. ಆದ್ದರಿಂದ ಅದು ಹಳೆಯ ದಸ್ತಾವೇಜಿನ ನಕಲಿನಂತೆ ಹೆಚ್ಚು ಕಡಿಮೆ ಹಾಗೆಯೇ ಸಾಗಿ ಬರುತ್ತದೆ. ನಕಲು ಮಾಡುವಾಗ ಗುಮಾಸ್ತನ ಕೈತಪ್ಪಿನಿಂದ ಒಂದಕ್ಷರ ಬದಲಾಗುವಂತೆ ಇಲ್ಲಿಯೂ ಅಪರೂಪಕ್ಕೊಮ್ಮೆ ಒಂದಕ್ಷರ ಬದಲಾಗುತ್ತದೆ. ಆ ತಪ್ಪು ಮುಂದಿನ ಎಲ್ಲ ನಕಲುಗಳಲ್ಲಿಯೂ ಉಳಿಯುತ್ತದೆ. ಒಂದೇ ತಪ್ಪುಳ್ಳ ಇಬ್ಬರು ಪುರುಷರು ಎಂದೋ ಬಾಳಿದ ಒಬ್ಬನೇ ಪುರುಷನ ಸಂತತಿಯೆಂದು ತಿಳಿಯಲು ಇದೇ ಆಧಾರ.

1994ರಲ್ಲಿ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಮೈಕೇಲ್ ಹ್ಯಾಮರ್ ಎಂಬ ವಿಜ್ಞಾನಿ ಇಂಥ ಒಂದು ಗುರುತನ್ನು ವಿವರಿಸಿದರು. ಸುಮಾರು 300 ಅಕ್ಷರಗಳ ಒಂದು ತುಣುಕು ಕೆಲವು ಪುರುಷರ ವೈ ವರ್ಣತಂತುವಿನೊಳಗೆ ಸೇರಿಕೊಂಡಿತ್ತು. ಆಫ್ರಿಕದ ಬಹುಸಂಖ್ಯೆಯ ಪುರುಷರಲ್ಲಿಯೂ, ಏಷ್ಯದಲ್ಲಿ ವಿಶೇಷವಾಗಿ ಜಪಾನೀಯರಲ್ಲಿ ಮತ್ತು ಟಿಬೆಟಿಯನ್ನರಲ್ಲಿಯೂ ಅದು ಕಂಡುಬಂದಿತು. ಏಷ್ಯದ ಶಾಖೆಗೆ 'ಡಿ' ಎಂದು ಹೆಸರಿಟ್ಟರು; ಎಂ174 ಎಂಬ ಒಂದಕ್ಷರದ ಬದಲಾವಣೆ ಅದರ ಮುದ್ರೆ. ಟಿಬೆಟಿನ ಪುರುಷರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿ ಈ ಡಿ ವಂಶಕ್ಕೆ ಸೇರಿದವರು. ಈ ಪ್ರಮಾಣ ಪ್ರದೇಶದಿಂದ ಪ್ರದೇಶಕ್ಕೆ ವ್ಯತ್ಯಾಸವಾಗುತ್ತದೆ. ಅದರಲ್ಲಿ ಮತ್ತೆ ಎಂ15, ಪಿ47 ಎಂಬ ಎರಡು ಕವಲುಗಳು ಅಲ್ಲಿ ಪ್ರಮುಖವಾಗಿವೆ. ಈ ವಂಶದವರು ಪೂರ್ವ ಏಷ್ಯಕ್ಕೆ ಸುಮಾರು 60,000 ವರ್ಷಗಳ ಹಿಂದೆಯೇ ಬಂದಿರಬೇಕೆಂದು 2008ರಲ್ಲಿ ಪ್ರಕಟವಾದ ಚೀನೀ ವಿಜ್ಞಾನಿಗಳ ಅಧ್ಯಯನವೊಂದು ಅಂದಾಜು ಮಾಡಿತು.

ಇಷ್ಟು ಓದಿದಾಗ ನನ್ನೊಳಗಿನ ವಂಶಾಭಿಮಾನಿಗೆ ಸಂತೋಷವೇ ಆಯಿತು. ನನ್ನ ಗೋಡೆಯ ಮೇಲಿನದು ಏಳು ತಲೆಮಾರು. ಆ ಸ್ವೆಟರ್ ಮಾರುವ ಹಿರಿಯರಲ್ಲಿ ಈ ಮುದ್ರೆಯಿದ್ದರೆ ಅವರದು ಎರಡು ಸಾವಿರಕ್ಕೂ ಮಿಕ್ಕಿದ ತಲೆಮಾರು. ಇಂಥ ಅಖಂಡ ದಾಖಲೆಯನ್ನು ಯಾವ ರಾಜವಂಶವೂ ತೋರಿಸಲಾರದು. ಆದರೆ ಮುಂದೆ ಓದಿದಂತೆ ಆ ಸಂತೋಷ ಬೇರೆಯೇ ರೂಪ ತಾಳಿತು.

ಡಿ ವಂಶದವರು ಎಲ್ಲೆಲ್ಲಿದ್ದಾರೆಂಬುದನ್ನು ನೋಡಿರಿ. ಜಪಾನಿನ ಪುರುಷರಲ್ಲಿ ಮೂರರಲ್ಲೊಂದು ಭಾಗದಷ್ಟು ಈ ವಂಶದ ಇನ್ನೊಂದು ಕವಲಿನವರು. ನಮ್ಮದೇ ದೇಶದ ಅಂಡಮಾನ್ ದ್ವೀಪಗಳಲ್ಲಿ ಓಂಗೆ ಮತ್ತು ಜಾರವಾ ಎಂಬ ಆದಿವಾಸಿಗಳಿದ್ದಾರೆ. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ತಂಗರಾಜ್ ಮತ್ತು ಲಾಲ್‌ಜೀ ಸಿಂಗ್ ಅವರೂ ಸೇರಿ ನಡೆಸಿದ, 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪರೀಕ್ಷೆಗೊಳಗಾದ ಓಂಗೆ ಮತ್ತು ಜಾರವಾ ಪುರುಷರೆಲ್ಲರಲ್ಲಿಯೂ ಈ ಡಿ ಮುದ್ರೆಯೇ ಕಂಡಿತು. 2019ರಲ್ಲಿ ನೈಜೀರಿಯದ ಮೂವರು ಪುರುಷರಲ್ಲಿ ಈ ವಂಶದ ಬುಡಕ್ಕೆ ಅತಿ ಸಮೀಪವಾದ, ಬಹು ಪ್ರಾಚೀನವಾದ ಕವಲೊಂದು ಪತ್ತೆಯಾಯಿತು. ಅಂದರೆ ಹಿಮದ ಪ್ರಸ್ಥಭೂಮಿಯಲ್ಲಿ ಯಾಕ್ ಮೇಯಿಸುವವನು, ಟೋಕಿಯೋದ ಬ್ಯಾಂಕಿನಲ್ಲಿ ಲೆಕ್ಕ ಬರೆಯುವವನು, ಅಂಡಮಾನಿನ ಕಾಡಿನಲ್ಲಿ ಬಿಲ್ಲು ಹಿಡಿದು ಅಲೆಯುವವನು – ಇವರು ಎಲುಬಿನ ಲೆಕ್ಕದಲ್ಲಿ ದಾಯಾದಿಗಳು.

ಈ ದಾಯಾದಿಗಳಲ್ಲಿ ಸಮಾನವಾದದ್ದೇನು? ಭಾಷೆ ಬೇರೆ, ಮುಖಚರ್ಯೆ ಬೇರೆ, ಮೈಬಣ್ಣ ಬೇರೆ, ಆಹಾರ, ಧರ್ಮ, ಜೀವನಕ್ರಮ ಎಲ್ಲವೂ ಬೇರೆ. ಒಂದೇ ಎಲುಬು ಅವರಿಗೆ ಒಂದೇ ಸ್ವಭಾವವನ್ನು ಕೊಡಲಿಲ್ಲ. ಇದರ ಇನ್ನೊಂದು ಮುಖವೂ ಇದೆ. ಟಿಬೆಟಿನ ಉಳಿದರ್ಧ ಪುರುಷರಲ್ಲಿ ಹೆಚ್ಚಿನವರು 'ಓ' ಎಂಬ ಬೇರೆ ವಂಶದವರು. ಅದು ಚೀನದ ಹಾನ್ ಜನರಲ್ಲಿಯೂ ಧಾರಾಳವಾಗಿದೆ. ಕೆಲವು ಸಾವಿರ ವರ್ಷಗಳ ಹಿಂದೆ ಹಳದಿ ನದಿಯ ಕಡೆಯ ಕೃಷಿಕರೊಡನೆ ಮೇಲಕ್ಕೆ ಬಂದಿರಬೇಕೆಂದು ವಿದ್ವಾಂಸರ ಅಭಿಪ್ರಾಯ. ಹೀಗೆ ಒಂದೇ ಎಲುಬಿನವರು ಪರಸ್ಪರ ಅಪರಿಚಿತರಾದರು; ಎರಡು ಎಲುಬಿನವರು ಕೂಡಿ ಒಂದೇ ಭಾಷೆ, ಒಂದೇ ಪ್ರಾರ್ಥನೆಯುಳ್ಳ ಒಂದೇ ಜನವಾದರು. ಜನರನ್ನು ಒಂದುಗೂಡಿಸಿದ್ದು ಬಾಳುವೆಯೇ ಹೊರತು ಬೀಜವಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕೆ?

ಇನ್ನು ನಾನು ಕಲಿತ ವಿದ್ಯೆಯ ಲೆಕ್ಕಕ್ಕೆ ಬರುತ್ತೇನೆ. ನನಗೆ ತಂದೆ-ತಾಯಿ ಇಬ್ಬರು, ಅಜ್ಜ-ಅಜ್ಜಿಯರು ನಾಲ್ವರು, ಅವರ ತಂದೆ-ತಾಯಿಗಳು ಎಂಟು ಜನ. ಹೀಗೆ ಇಮ್ಮಡಿಸುತ್ತ ಏಳನೆಯ ತಲೆಮಾರಿಗೆ ಹೋದರೆ 128 ಸ್ಥಾನಗಳಾಗುತ್ತವೆ. ಏಳು ತಲೆಮಾರುಗಳನ್ನು ಕೂಡಿಸಿದರೆ 254. ಇವರಲ್ಲಿ ಯಾರೊಬ್ಬರು ಇಲ್ಲದಿದ್ದರೂ ನಾನಿಲ್ಲ. ಆದರೆ ನನ್ನ ಗೋಡೆಯ ಮೇಲಿನ ವೃಕ್ಷದಲ್ಲಿ ನೇರ ಪೂರ್ವಜರೆಂದು ನಮೂದಾದವರು ಏಳು ಮಂದಿ ಮಾತ್ರ. 254 ಕಲಮುಗಳಲ್ಲಿ ಏಳನ್ನು ಮಾತ್ರ ಖಾತೆಗೇರಿಸಿ, ಇದೇ ನಮ್ಮ ಮನೆಯ ಪೂರ್ಣ ಲೆಕ್ಕವೆಂದು ತೋರಿಸಿದರೆ ಯಾವ ಲೆಕ್ಕ ತಪಾಸಣೆಗಾರನು ಸಹಿ ಹಾಕುತ್ತಾನೆ? ಹತ್ತನೆಯ ತಲೆಮಾರಿನಲ್ಲಿ 1,024 ಸ್ಥಾನಗಳಲ್ಲಿ ಒಂದು, ಇಪ್ಪತ್ತನೆಯದರಲ್ಲಿ 10,48,576ರಲ್ಲಿ ಒಂದು – ತಂದೆಯ ತಂದೆಯ ತಂದೆಯೆಂಬ ರೇಖೆಯ ಪಾಲು ಇಷ್ಟೇ. ಬಹು ಹಿಂದಕ್ಕೆ ಹೋದಂತೆ ಒಬ್ಬರೇ ಹಲವು ಸ್ಥಾನಗಳಲ್ಲಿ ಬರುತ್ತಾರೆಂಬುದು ನಿಜ. ಆದರೂ ಲೆಕ್ಕದ ತಾತ್ಪರ್ಯ ಬದಲಾಗುವುದಿಲ್ಲ.

ವೈ ವರ್ಣತಂತುವಿನ ಗಾತ್ರವೂ ಹಾಗೆಯೇ. ಅದರ ಸಂಪೂರ್ಣ ಅಕ್ಷರಮಾಲೆ 2023ರಲ್ಲಿ ಪ್ರಕಟವಾಯಿತು. ಅದರಲ್ಲಿ ಸುಮಾರು 6.2 ಕೋಟಿ ಅಕ್ಷರಗಳಿವೆ. ಮನುಷ್ಯನ ಒಂದು ಸಂಪೂರ್ಣ ಅಕ್ಷರಮಾಲೆ 300 ಕೋಟಿಗಿಂತ ಹೆಚ್ಚು. ದೇಹಕ್ಕೆ ಬೇಕಾದ ಪ್ರೋಟೀನುಗಳನ್ನು ರೂಪಿಸುವ ಸುಮಾರು 20,000 ಜೀನುಗಳಲ್ಲಿ ಈ ವರ್ಣತಂತುವಿನಲ್ಲಿರುವವು ನೂರರ ಆಸುಪಾಸು, ಅಂದರೆ ನೂರಕ್ಕೆ ಅರ್ಧ. ಅವುಗಳಲ್ಲಿ ಹಲವು ಪುರುಷತ್ವಕ್ಕೆ ಸಂಬಂಧಿಸಿದವು. ಇನ್ನು ವಂಶದ ಗುರುತಾಗಿ ಬಳಸುವ ಎಂ174ರಂಥ ಮುದ್ರೆಗಳು ಮನುಷ್ಯನನ್ನು ಶೂರನನ್ನಾಗಿಯೋ ದಯಾಳುವನ್ನಾಗಿಯೋ ಮಾಡುವ ವಸ್ತುಗಳಲ್ಲ. ಅವು ರಸೀದಿಯ ಕ್ರಮಸಂಖ್ಯೆ ಇದ್ದ ಹಾಗೆ. ಸರಕು ಎಲ್ಲಿಂದ ಬಂದಿತೆಂಬುದನ್ನು ತಿಳಿಸುತ್ತವೆ; ಸರಕು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ತಿಳಿಸುವುದಿಲ್ಲ.

ಹಾಗಾದರೆ ಟಿಬೆಟಿಯನ್ನರ ದೇಹಕ್ಕೆ ಅವರ ಪೂರ್ವಜರಿಂದ ಬಂದ ನಿಜವಾದ ವರ ಯಾವುದು? ಅವರ ನಾಡಿನ ಸರಾಸರಿ ಎತ್ತರ 4,000 ಮೀಟರುಗಳಿಗಿಂತ ಹೆಚ್ಚು. ಅಲ್ಲಿನ ಗಾಳಿಯಲ್ಲಿ ಪ್ರತಿ ಉಸಿರಿಗೆ ದೊರೆಯುವ ಆಮ್ಲಜನಕ ಕಡಿಮೆ. ಬಯಲುಸೀಮೆಯವರು ಅಲ್ಲಿ ಬಹುಕಾಲ ವಾಸಿಸಿದರೆ ದೇಹವು ಕೆಂಪು ರಕ್ತಕಣಗಳನ್ನು ಅತಿಯಾಗಿ ಹೆಚ್ಚಿಸಿಕೊಂಡು, ರಕ್ತ ಮಂದವಾಗಿ, ಅನೇಕರು ರೋಗಿಗಳಾಗುತ್ತಾರೆ. ಟಿಬೆಟಿಯನ್ನರಲ್ಲಿ ಹೀಗಾಗುವುದು ಕಡಿಮೆ. ಇದಕ್ಕೆ ಕಾರಣವಾದ ಇಪಿಎಎಸ್1 ಎಂಬ ಜೀನಿನ ವಿಶಿಷ್ಟ ರೂಪವನ್ನು 2010ರಲ್ಲಿ ವಿಜ್ಞಾನಿಗಳು ಗುರುತಿಸಿದರು. ಅದಕ್ಕೆ ಸಂಬಂಧಿಸಿದ ಒಂದು ಗುರುತು ಟಿಬೆಟಿಯನ್ನರಲ್ಲಿ ನೂರಕ್ಕೆ 87ರಷ್ಟಿದ್ದರೆ ಹಾನ್ ಜನರಲ್ಲಿ ನೂರಕ್ಕೆ 9ರಷ್ಟು ಮಾತ್ರ ಇತ್ತು. ಈ ಜೀನು ವೈ ವರ್ಣತಂತುವಿನಲ್ಲಿಲ್ಲ, ಎರಡನೆಯ ವರ್ಣತಂತುವಿನಲ್ಲಿದೆ. ತಂದೆಯಿಂದ ಎಷ್ಟೋ ತಾಯಿಯಿಂದಲೂ ಅಷ್ಟೇ ಬರುತ್ತದೆ. ಮಗನಿಗೆ ಎಷ್ಟೋ ಮಗಳಿಗೂ ಅಷ್ಟೇ.

ಅದಕ್ಕಿಂತ ಆಶ್ಚರ್ಯದ ಸಂಗತಿ 2014ರಲ್ಲಿ ಬೆಳಕಿಗೆ ಬಂದಿತು. ಆ ಜೀನಿನ ರೂಪವು ಡೆನಿಸೋವನ್ನರೆಂಬ, ಈಗ ಅಳಿದುಹೋಗಿರುವ, ನಮಗಿಂತ ಭಿನ್ನವಾದ ಒಂದು ಪ್ರಾಚೀನ ಮಾನವ ವರ್ಗದಿಂದ ಬಂದದ್ದು. ಸೈಬೀರಿಯದ ಡೆನಿಸೋವಾ ಗುಹೆಯಲ್ಲಿ ದೊರೆತ ಬೆರಳಿನ ಮೂಳೆಯ ಚೂರೊಂದರಿಂದ 2010ರಲ್ಲಿ ಆ ವರ್ಗದ ಪರಿಚಯ ಜಗತ್ತಿಗಾಗಿತ್ತು. ಟಿಬೆಟ್ ಪ್ರಸ್ಥಭೂಮಿಯ ಅಂಚಿನಲ್ಲಿ, 3,280 ಮೀಟರು ಎತ್ತರದಲ್ಲಿರುವ ಗುಹೆಯೊಂದರಲ್ಲಿ 1980ರಲ್ಲಿ ಒಬ್ಬ ಬೌದ್ಧ ಭಿಕ್ಷುವಿಗೆ ದವಡೆಯ ಎಲುಬೊಂದು ಸಿಕ್ಕಿತ್ತು. ಅದು ಡೆನಿಸೋವನ್ನರದೆಂದೂ, ಕನಿಷ್ಠ 1,60,000 ವರ್ಷ ಹಳೆಯದೆಂದೂ 2019ರಲ್ಲಿ ಪ್ರಕಟವಾಯಿತು.

ಧರ್ಮಬಂಧುಗಳು ಇಲ್ಲಿ ಕ್ಷಣಕಾಲ ನಿಂತು ಯೋಚಿಸಬೇಕು. ಹೆಮ್ಮೆಯಿಂದ ಎಣಿಸುವ ಎಲುಬು ಒಬ್ಬ ಟಿಬೆಟಿಯನ್ನನಿಗೆ ಉಸಿರಾಡಲು ನೆರವಾಗಲಿಲ್ಲ. ನೆರವಾದದ್ದು ಹೆಸರಿಲ್ಲದ, ಕುಲವಿಲ್ಲದ, ಯಾವ ವಂಶವೃಕ್ಷದಲ್ಲಿಯೂ ಸ್ಥಾನವಿಲ್ಲದ ಒಬ್ಬ ಪರಕೀಯ ಪೂರ್ವಜನೋ ಪೂರ್ವಜೆಯೋ ಬಿಟ್ಟುಹೋದ ದಾನ. ಅಂದು ಯಾರಾದರೂ ಹಿರಿಯರು "ಇವರ ಮೂಲ ಗೊತ್ತಿಲ್ಲ" ಎಂದು ಆ ಸಂಬಂಧವನ್ನು ತಡೆದಿದ್ದರೆ ಆ ಎತ್ತರದಲ್ಲಿ ಇಂದಿನ ಬಾಳುವೆ ಎಷ್ಟು ಕಷ್ಟವಾಗುತ್ತಿತ್ತು!

ಟಿಬೆಟಿಯನ್ನರು ತಮ್ಮ ಎಲುಬನ್ನು ಹೇಗೆ ಬಳಸಿದರೆಂಬುದನ್ನೂ ನೋಡಬೇಕು. ಮನುಷ್ಯರೆಲ್ಲರಂತೆ ಅವರು ಅದನ್ನು ಒಳಿತಿಗೂ ಬಳಸಿದರು, ಕೆಡುಕಿಗೂ ಬಳಸಿದರು. ಅವರ ಸಮಾಜದಲ್ಲಿ ಕಮ್ಮಾರರು, ಕಟುಕರು, ಶವಗಳನ್ನು ವಿಲೇವಾರಿ ಮಾಡುವವರು ಅಶುದ್ಧ ಎಲುಬಿನವರೆಂದು ಎಣಿಸಲ್ಪಟ್ಟಿದ್ದರು. ಅವರೊಡನೆ ವಿವಾಹವಿಲ್ಲ, ಒಂದೇ ಬಟ್ಟಲಿನಲ್ಲಿ ಪಾನವಿಲ್ಲ. ಕಟುಕನು ಕಡಿದುಕೊಟ್ಟ ಮಾಂಸವನ್ನು ತಿನ್ನುವವರೇ ಅವನ ಎಲುಬನ್ನು ಕೀಳೆಂದರು. ಕಮ್ಮಾರನು ಮಾಡಿಕೊಟ್ಟ ಕುಡುಗೋಲಿನಿಂದ ಬಾರ್ಲಿ ಕೊಯ್ದವರೇ ಅವನ ಬಟ್ಟಲನ್ನು ದೂರವಿಟ್ಟರು. ಇದನ್ನು ಓದಿ ಅವರನ್ನು ದೂರುವ ಮೊದಲು ನಮ್ಮ ಊರಿನ ಕೇರಿಗಳನ್ನು ನೆನೆಸಿಕೊಳ್ಳುವುದು ಒಳ್ಳೆಯದು.

ಆದರೆ ಅದೇ ಜನರು ಎಲುಬನ್ನು ಮೀರುವ ಮಾರ್ಗಗಳನ್ನೂ ಕಂಡುಕೊಂಡರು. ಗಂಡುಮಕ್ಕಳಿಲ್ಲದ ಮನೆಯವರು ಅಳಿಯನನ್ನು ಮನೆಗೆ ತಂದುಕೊಳ್ಳುತ್ತಾರೆ. ಅವನಿಗೆ 'ಮಾಗ್ಪಾ' ಎಂದು ಹೆಸರು. ಅವನು ಹೆಂಡತಿಯ ಮನೆಯ ಹೆಸರನ್ನು ಧರಿಸಿ ಆ ಮನೆಯ ಹೊಲ, ಹೊಣೆ, ಪೂಜೆಗಳನ್ನೆಲ್ಲ ವಹಿಸಿಕೊಳ್ಳುತ್ತಾನೆ. ಎಲುಬು ಬದಲಾಯಿತು, ಮನೆ ಉಳಿಯಿತು. ಧರ್ಮಪೀಠಗಳ ಉತ್ತರಾಧಿಕಾರದಲ್ಲಿಯೂ ಅವರಲ್ಲಿ ಹಲವು ಕ್ರಮಗಳಿವೆ. 1073ರಲ್ಲಿ ಸ್ಥಾಪಿತವಾದ ಸಾಕ್ಯ ಮಠದ ಪೀಠವು ಖೋನ್ ಮನೆತನದಲ್ಲಿ ವಂಶಪಾರಂಪರ್ಯವಾಗಿ ಸಾಗಿ ಬಂದಿದೆ. ಅಲ್ಲಿ ಎಲುಬಿಗೆ ಬೆಲೆಯುಂಟು. ದಲೈ ಲಾಮಾ ಪೀಠಕ್ಕೆ ಎಲುಬು ಲೆಕ್ಕಕ್ಕಿಲ್ಲ. ಅದು ಪುನರ್ಜನ್ಮದ ನಂಬಿಕೆಯ ಮೇಲೆ ನಿಂತಿದೆ. ಹದಿನಾಲ್ಕನೆಯವರು 1935ರಲ್ಲಿ ಅಮ್ದೋ ಪ್ರಾಂತದ ಒಂದು ಸಾಮಾನ್ಯ ರೈತ ಕುಟುಂಬದಲ್ಲಿ ಜನಿಸಿದವರು. ಮೂರನೆಯದು ಗಾಂದೆನ್ ಪೀಠ. 1409ರಲ್ಲಿ ತ್ಸೋಂಖಾಪಾ ಅವರು ಸ್ಥಾಪಿಸಿದ, ಇಂದು ಮುಂಡಗೋಡದಲ್ಲಿ ಪುನಃ ನೆಲೆಗೊಂಡಿರುವ ಆ ಮಠದ ಪೀಠಕ್ಕೆ ವಂಶವೂ ಬೇಡ, ಪೂರ್ವಜನ್ಮದ ಗುರುತೂ ಬೇಡ. ದೀರ್ಘಕಾಲದ ಅಧ್ಯಯನದಿಂದ ಪಾಂಡಿತ್ಯ ಸಂಪಾದಿಸಿದವರು ಮೆಟ್ಟಿಲು ಮೆಟ್ಟಿಲಾಗಿ ಅದನ್ನು ಏರುತ್ತಾರೆ. ಯಾವ ತಾಯಿಯ ಮಗನಾದರೂ ಸರಿಯೆ, ವಿದ್ಯೆಯಿದ್ದವನಿಗೆ ಆ ಪೀಠ ತೆರೆದಿದೆಯೆಂಬ ಅರ್ಥದ ಗಾದೆಯೊಂದು ಅವರಲ್ಲಿದೆ. ತಂದೆಯ ಎಲುಬಿನ ಮಾತೇ ಅಲ್ಲಿಲ್ಲ ಎಂಬುದನ್ನು ಗಮನಿಸಬೇಕು.

ಈ ಜನರ ಮೂಲಪುರುಷನ ಕಥೆಯೂ ಸ್ವಾರಸ್ಯವಾಗಿದೆ. ಯಾರ್ಲುಂಗ್ ಕಣಿವೆಯಲ್ಲಿ ಧ್ಯಾನನಿರತನಾಗಿದ್ದ ಒಂದು ಕಪಿಯೂ ಬಂಡೆಯ ರಾಕ್ಷಸಿಯೂ ಅವರ ಆದಿ ದಂಪತಿಗಳು. ತಂದೆಯನ್ನು ಹೋತವರು ಶಾಂತರು, ದಯಾಳುಗಳು. ತಾಯಿಯನ್ನು ಹೋತವರು ಕೋಪಿಷ್ಠರು, ಆಸೆಬುರುಕರು ಎಂದು ಅವರ ಹಳೆಯ ಗ್ರಂಥಗಳು ಹೇಳುತ್ತವೆ. ವ್ಯಾಪಾರದ ಲಾಭದಾಸೆಯೂ ರಾಕ್ಷಸಿಯ ಕಡೆಯ ಗುಣಗಳ ಪಟ್ಟಿಯಲ್ಲಿದೆಯೆಂದು ತಿಳಿದಾಗ ನನಗೆ ನಗು ಬಂದಿತು. ಕಥೆ ಕಟ್ಟಿದವರು ತಾಯಿಗೆ ಅನ್ಯಾಯ ಮಾಡಿದ್ದಾರೆಂಬುದು ನಿಜ. ಆದರೂ ತಮ್ಮ ಮೂಲವನ್ನು ಸೂರ್ಯನಿಗೋ ಚಂದ್ರನಿಗೋ ಜೋಡಿಸದೆ ಕಪಿಗೆ ಜೋಡಿಸಿದ ವಿನಯ ಮೆಚ್ಚತಕ್ಕದ್ದು.

ಈಗ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. "ಮನೆತನ ನೋಡಿ ಸಂಬಂಧ ಬೆಳೆಸು ಎಂದು ಹಿರಿಯರು ಹೇಳಿದ್ದು ಸುಳ್ಳೆ? ಗೋತ್ರಕರ್ಮವೆಂದು ಶಾಸ್ತ್ರವೇ ಹೇಳುತ್ತದೆಯಲ್ಲ?" ಎಂದು ಕೆಲವರು ಕೇಳಬಹುದು. ಗೋತ್ರಕರ್ಮವು ಎಂಟು ಕರ್ಮಗಳಲ್ಲಿ ಒಂದೆಂಬುದು ನಿಜ. ಆದರೆ ನೀಚಗೋತ್ರದ ಬಂಧಕ್ಕೆ ಕಾರಣವೇನೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ನೋಡಿದರೆ, ಪರರ ನಿಂದೆ ಮತ್ತು ತನ್ನ ಪ್ರಶಂಸೆಗಳೇ ಮೊದಲು ಎದುರಾಗುತ್ತವೆ. ಅಂದರೆ ತನ್ನ ಉಚ್ಚಗೋತ್ರವನ್ನು ಕೊಂಡಾಡಿ ಇನ್ನೊಬ್ಬರನ್ನು ಹಳಿಯುವವನು ಆ ಕ್ಷಣದಲ್ಲಿಯೇ ನೀಚಗೋತ್ರವನ್ನು ಕಟ್ಟಿಕೊಳ್ಳುತ್ತಿರುತ್ತಾನೆ. ಚಾಂಡಾಲನಾಗಿ ಹುಟ್ಟಿದವನೂ ಸಮ್ಯಗ್ದರ್ಶನವುಳ್ಳವನಾದರೆ ದೇವಸಮಾನನೆಂಬ ಅಭಿಪ್ರಾಯವನ್ನು ಸಮಂತಭದ್ರರು ಅದೇ ಶ್ರಾವಕಾಚಾರದಲ್ಲಿ ಹೇಳಿದ್ದಾರೆ. ಇನ್ನು ಮನೆತನದ ಮಾತು. ಮನೆತನವೆಂದರೆ ರಾತ್ರಿಭೋಜನ ತ್ಯಾಗ, ಸತ್ಯವಾದ ತೂಕ, ಅತಿಥಿಗೆ ಅನ್ನ, ಕೆಲಸದವರಿಗೆ ಹೊತ್ತಿಗೆ ಸರಿಯಾಗಿ ಕೂಲಿ. ಇವು ಯಾವ ವರ್ಣತಂತುವಿನಲ್ಲಿಯೂ ಇಲ್ಲ. ನೋಡಿ ಕಲಿಯುವುದರಿಂದ ಬರುತ್ತವೆ; ಕಲಿಸದಿದ್ದರೆ ಒಂದೇ ತಲೆಮಾರಿನಲ್ಲಿ ಹೋಗುತ್ತವೆ.

ಇದನ್ನು ಬರೆಯಲು ನನಗೆ ಅಧಿಕಾರವಿದೆಯೇ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಸುಮಾರು 35 ವರ್ಷಗಳ ಹಿಂದೆ, ತಂದೆಯವರು ತೀರಿಕೊಂಡ ಬಳಿಕ, ತಂಗಿಯ ವಿವಾಹದ ಹೊಣೆ ನನ್ನ ಮೇಲೆ ಬಿದ್ದಿತು. ಒಳ್ಳೆಯ ವರನೊಬ್ಬನ ಕಡೆಯಿಂದ ಪ್ರಸ್ತಾಪ ಬಂದಿತು. ಹುಡುಗನ ತಂದೆ ಚಿಕ್ಕಂದಿನಲ್ಲಿ ಅನಾಥರಾಗಿ ಒಬ್ಬ ವ್ಯಾಪಾರಿಯ ಮನೆಯಲ್ಲಿ ದತ್ತಕರಾಗಿ ಬೆಳೆದವರು. ಅವರ ಹುಟ್ಟಿನ ಮೂಲ ಯಾರಿಗೂ ತಿಳಿಯದು. "ಮೂಲ ತಿಳಿಯದ ಮನೆಗೆ ಹೆಣ್ಣು ಕೊಡುವುದಿಲ್ಲ" ಎಂದು ನಾನು ಹೇಳಿ ಕಳುಹಿಸಿದೆ. ವಿಚಿತ್ರವೇನೆಂದರೆ ಅದೇ ಮಹನೀಯರಿಗೆ ನಾನು ವರ್ಷವರ್ಷವೂ ಸಾವಿರಾರು ರೂಪಾಯಿಗಳ ಮಾಲನ್ನು ಬರಿಯ ಬಾಯಿಮಾತಿನ ಮೇಲೆ ಉದ್ರಿ ಕೊಡುತ್ತಿದ್ದೆ. ಒಮ್ಮೆಯೂ ಅವರು ಮಾತು ತಪ್ಪಿದವರಲ್ಲ. ಅವರ ನಡತೆಯನ್ನು ನಂಬಿ ಬಂಡವಾಳ ಕೊಟ್ಟ ನಾನು, ಅವರ ಎಲುಬನ್ನು ನಂಬದೆ ಸಂಬಂಧ ನಿರಾಕರಿಸಿದೆ. ಆ ಬಳಿಕವೂ ಅವರು ಬಾಕಿಯನ್ನು ಮೊದಲಿನಂತೆಯೇ ಹೊತ್ತಿಗೆ ಸರಿಯಾಗಿ ತೀರಿಸಿದರು. ಅಂಗಡಿಗೆ ಮಾತ್ರ ತಾವು ಬರದೆ ಗುಮಾಸ್ತನನ್ನು ಕಳುಹಿಸುತ್ತಿದ್ದರು. ತಂಗಿಯ ಸಂಸಾರ ಬೇರೆಡೆ ಚೆನ್ನಾಗಿಯೇ ನಡೆದಿದೆ. ಆದರೆ ಒಬ್ಬ ನಿರಪರಾಧಿಗೆ ನಾನು ಮಾಡಿದ ಅವಮಾನ ಅದರಿಂದ ತೀರುವುದಿಲ್ಲ. ಅವರು ಈಗ ಇಲ್ಲ. ಕ್ಷಮೆ ಕೇಳುವ ಅವಕಾಶವನ್ನು ನಾನು ಕಳೆದುಕೊಂಡೆ.

ಆ ಟಿಬೆಟಿಯನ್ ಹಿರಿಯರಂಥ ಸ್ವೆಟರ್ ವ್ಯಾಪಾರಿಗಳೂ ಲುಧಿಯಾನದ ಸಗಟು ವ್ಯಾಪಾರಿಗಳಿಂದ ಬಹುಮಟ್ಟಿಗೆ ಉದ್ರಿಯ ಮೇಲೆಯೇ ಮಾಲು ತರುತ್ತ ಬಂದವರು. ಚಳಿಗಾಲ ಮುಗಿದ ಮೇಲೆ ಹಣ ಸಂದಾಯ. ಭಾಷೆ ಬೇರೆ, ಧರ್ಮ ಬೇರೆ, ದೇಶವೇ ಬೇರೆಯಾದ ಜನರಿಗೆ ಆ ವ್ಯಾಪಾರಿಗಳು ಮಾಲು ಕೊಟ್ಟದ್ದು ಎಲುಬು ನೋಡಿ ಅಲ್ಲ. ಹಿಂದಿನ ವರ್ಷದ ಬಾಕಿ ಹೇಗೆ ತೀರಿತೆಂಬುದನ್ನು ನೋಡಿ. ಪೇಟೆಗೆ ಗೊತ್ತಿರುವ ಈ ಸತ್ಯ ಮನೆಯೊಳಗೆ ಬರುವಾಗ ನಮಗೆ ಮರೆತುಹೋಗುತ್ತದೆ.

ಆದ್ದರಿಂದ ಮೊದಲಿನ ಪ್ರಶ್ನೆಗೆ ನನಗೆ ತೋರಿದ ಉತ್ತರವನ್ನು ನಿವೇದಿಸುತ್ತೇನೆ. ಕುಲಕ್ಕೆ ಬೆಲೆಯಿಲ್ಲವೆಂದಲ್ಲ. ಅದನ್ನು ಅಢಾವೆ ಪತ್ರಿಕೆಯ ಯಾವ ಬದಿಗೆ ಬರೆಯಬೇಕೆಂಬುದರಲ್ಲಿ ನಾವು ತಪ್ಪಿದ್ದೇವೆ. ಪೂರ್ವಜರನ್ನು ನಾವು ಆಸ್ತಿಯ ಬದಿಗೆ ಬರೆದುಕೊಂಡಿದ್ದೇವೆ. ಅವರು ಸೇರಬೇಕಾದದ್ದು ಹೊಣೆಯ ಬದಿಗೆ. ಆಸ್ತಿಯೆಂದು ಬರೆದವನು ಅದರ ಬಲದ ಮೇಲೆ ಇತರರಿಂದ ಗೌರವವನ್ನು ವಸೂಲು ಮಾಡಲು ಹೊರಡುತ್ತಾನೆ. ಋಣವೆಂದು ಬರೆದವನು ಅದನ್ನು ತೀರಿಸುವ ದಾರಿ ಹುಡುಕುತ್ತಾನೆ. ಹೆಸರು ತಿಳಿದ ಏಳು ಜನರ ಋಣ ಮಾತ್ರವಲ್ಲ, ಹೆಸರು ತಿಳಿಯದ ಉಳಿದವರ ಋಣವೂ ನಮ್ಮ ಮೇಲಿದೆ. ಸಾಲಗಾರನು ಯಾರಾದರೂ ತನ್ನ ಸಾಲದ ಮೊತ್ತ ದೊಡ್ಡದೆಂದು ಮದದಿಂದ ಬೀಗುತ್ತಾನೆಯೇ?

ಇದನ್ನು ಬರೆಯುವ ಮೊದಲು ನಮ್ಮ ವಂಶವೃಕ್ಷಕ್ಕೆ ಹೆಂಗಸರ ಹೆಸರುಗಳನ್ನು ಸೇರಿಸಬೇಕೆಂದು ಹೊರಟೆ. ತಾಯಿಯ ಹೆಸರು, ಇಬ್ಬರು ಅಜ್ಜಿಯರ ಹೆಸರು ನನಗೆ ಗೊತ್ತಿದ್ದವು. ಅದರಾಚೆ ಒಂದೂ ಇಲ್ಲ. ತಂಗಿಗೆ ದೂರವಾಣಿ ಮಾಡಿ ಕೇಳಿದೆ. ಮುತ್ತಜ್ಜಿಯೊಬ್ಬಳ ಹೆಸರನ್ನು ಅವಳು ನೆನಪಿಟ್ಟುಕೊಂಡಿದ್ದಳು, ಹೇಳಿದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣಾ, ಅವತ್ತು ಅವರ ಮನಿ ಮೂಲ ಕೇಳಿದಿ. ನಮ್ಮ ಮನಿ ಮುತ್ತಜ್ಜಿ ಹೆಸರು ನಿನಗ ಗೊತ್ತಿಲ್ಲ ನೋಡು" ಎಂದಳು. ಅವಳ ಧ್ವನಿಯಲ್ಲಿ ಕೋಪವಿರಲಿಲ್ಲ. ನನ್ನಲ್ಲಿ ಉತ್ತರವಿರಲಿಲ್ಲ.

ಈಗ ಆ ವೃಕ್ಷದಲ್ಲಿ ನಾಲ್ಕು ಹೆಣ್ಣು ಹೆಸರುಗಳು ಸೇರಿವೆ. ಉಳಿದ ಕಡೆ ಖಾಲಿ ಚೌಕಗಳನ್ನು ಬರೆಸಿದ್ದೇನೆ. ಅವು ಖಾಲಿಯಾಗಿಯೇ ಉಳಿಯುತ್ತವೆ. ನಮ್ಮ ಬಸದಿಗಳ ವಿಶ್ವಸ್ಥ ಮಂಡಳಿಗಳಲ್ಲಿ ನನ್ನದೊಂದು ಬಿನ್ನಹವಿದೆ. ವಧು-ವರರ ಮಾಹಿತಿ ಪತ್ರಗಳನ್ನು ಅಚ್ಚು ಮಾಡಿಸುವಾಗ ತಂದೆ, ಅಜ್ಜ, ಮುತ್ತಜ್ಜರ ಹೆಸರು ಕೇಳುವ ಸಾಲುಗಳ ಪಕ್ಕದಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರು ಕೇಳುವ ಸಾಲುಗಳನ್ನೂ ಸೇರಿಸಲಿ. ದತ್ತಕರಾಗಿ ಬಂದವರ ಮನೆತನವನ್ನು ಅವರು ಬೆಳೆದ ಮನೆಯಿಂದಲೂ ಬಾಳಿದ ರೀತಿಯಿಂದಲೂ ಅಳೆಯುವ ರೂಢಿ ಬರಲಿ. ಮೊದಲು ಹಲವರ ಪತ್ರಗಳಲ್ಲಿ ಸಾಲುಗಳು ಖಾಲಿ ಬಿಡಬಹುದು. ಆ ಖಾಲಿ ಜಾಗವನ್ನು ಕಂಡವರು, ಇನ್ನೊಬ್ಬರ ಮೂಲವನ್ನು ವಿಚಾರಿಸುವಾಗ ಧ್ವನಿಯನ್ನು ಸ್ವಲ್ಪ ತಗ್ಗಿಸಿಯಾರು.